ಹೊಸ ಪೈಲಟ್‌ಗೆ ಹೆಡ್‌ಸೆಟ್ ಮತ್ತು ಬ್ಯಾಗ್: ಯಾವುದು ಮೊದಲು, ಯಾವುದು ಆಮೇಲೆ

ಆಫರ್ ಲೆಟರ್ ಕೈಗೆ ಬಂದ ವಾರವೇ ಎರಡು ಆರ್ಡರ್ ಹೋಗಿರುತ್ತವೆ. ಒಂದು ದುಬಾರಿ ಹೆಡ್‌ಸೆಟ್, ಇನ್ನೊಂದು ನಾಲ್ಕು ಚಕ್ರದ ಚೆಂದದ ಟ್ರಾಲಿ. ಆಮೇಲೆ ನೋಡಿದರೆ ಹೆಡ್‌ಸೆಟ್‌ನ ಪ್ಲಗ್ ಕಾಕ್‌ಪಿಟ್‌ನ ಸಾಕೆಟ್‌ಗೆ ಕೂರುವುದಿಲ್ಲ. ಟ್ರಾಲಿ ಕ್ರೂ ವ್ಯಾನಿನಲ್ಲಿ ಹೇಳಿದ ಮಾತು ಕೇಳದೆ ಓಡಾಡಿ, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಚಕ್ರ ಕಳೆದುಕೊಂಡಿರುತ್ತದೆ. ಪ್ರತಿ ಬ್ಯಾಚ್‌ನಲ್ಲೂ ಇದೇ ಕತೆ.

ಸಾಮಾನು ಒಳ್ಳೆಯದೇ ಇರುತ್ತದೆ, ಕೊಂಡ ಕ್ರಮ ತಪ್ಪಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಭಾರತದ ವಿಮಾನ ಕಂಪನಿಗಳಿಗೆ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿ ಸೇರುತ್ತಿರುವವರಿಗೆ, ಮುಖ್ಯವಾಗಿ ಏರ್‌ಬಸ್ ಎ320, ಬೋಯಿಂಗ್ 737, ಪ್ರೊಪೆಲ್ಲರ್‌ನ ಸಣ್ಣ ವಿಮಾನ ಎಟಿಆರ್ ಹಾರಿಸಲಿರುವವರಿಗೆ ಇದನ್ನು ಬರೆದಿದ್ದೇನೆ.

ಹಂತ 1: ವಿಮಾನ ಯಾವುದೆಂದು ಗೊತ್ತಾಗುವವರೆಗೆ ಪರ್ಸ್ ತೆಗೆಯಬೇಡಿ

ಕಂಪನಿ ಯಾವುದು ಅಂತ ಗೊತ್ತಾದರೆ ಸಾಲದು, ಫ್ಲೀಟ್, ಅಂದರೆ ನೀವು ಹಾರಿಸುವ ವಿಮಾನದ ಬಗೆ ಗೊತ್ತಾಗಬೇಕು. ಇಂಡಿಗೋದಲ್ಲಿ ಎ320 ಕುಟುಂಬವೂ ಇದೆ, ಎಟಿಆರ್ ಕೂಡ ಇದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ 737 ಮತ್ತು ಎ320 ಎರಡೂ ಇವೆ. ಆಕಾಸ ಏರ್‌ನಲ್ಲಿ ಮಾತ್ರ 737 ಮ್ಯಾಕ್ಸ್ ಒಂದೇ. ಅಂದರೆ ಒಂದೇ ಕಂಪನಿಗೆ ಸೇರಿದ ಇಬ್ಬರು ಗೆಳೆಯರಿಗೆ ಬೇರೆ ಬೇರೆ ಹೆಡ್‌ಸೆಟ್ ಬೇಕಾಗಬಹುದು.

ಅಲ್ಲಿಯವರೆಗೆ ಏನು ಮಾಡುವುದು? ಏನೂ ಮಾಡಬೇಕಿಲ್ಲ. ಸಾಮಾನ್ಯವಾಗಿ ಕಾಕ್‌ಪಿಟ್‌ನಲ್ಲಿ ಕಂಪನಿಯದ್ದೇ ಹೆಡ್‌ಸೆಟ್ ಇರುತ್ತದೆ. ಸಿಮ್ಯುಲೇಟರ್‌ನಲ್ಲೂ ಇರುತ್ತದೆ. ಸ್ವಂತದ್ದು ಇಲ್ಲ ಅಂತ ಯಾರೂ ಮೊದಲ ದಿನ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ. ಟೈಪ್ ರೇಟಿಂಗ್‌ಗೆ (ಒಂದು ಬಗೆಯ ವಿಮಾನ ಹಾರಿಸುವ ಅರ್ಹತೆಗೆ) ಲಕ್ಷಗಟ್ಟಲೆ ಸಾಲ ಮಾಡಿರುವಾಗ ಇನ್ನೂ ಒಂದು ಲಕ್ಷವನ್ನು ಅವಸರದಲ್ಲಿ ಸುರಿಯುವುದು ಯಾಕೆ, ಅಲ್ವಾ?

ಹಂತ 2: ಮೊದಲು ಪ್ಲಗ್ ನೋಡಿ, ಬ್ರಾಂಡ್ ಆಮೇಲೆ

ಜಕ್ಕೂರಿನಲ್ಲೋ ಇನ್ನೆಲ್ಲೋ ಸೆಸ್ನಾ 172 ಹಾರಿಸಿದವರಿಗೆ ಜೋಡಿ ಪ್ಲಗ್ ಪರಿಚಯ ಇರುತ್ತದೆ. ಒಂದು ಸ್ವಲ್ಪ ದಪ್ಪ, ಕಾಲು ಇಂಚಿನದು. ಅದು ಕೇಳಿಸಿಕೊಳ್ಳಲು. ಇನ್ನೊಂದು ಅದಕ್ಕಿಂತ ತೆಳ್ಳಗೆ, 5.2 ಮಿಲಿಮೀಟರ್‌ನದು. ಅದು ಮೈಕ್‌ಗೆ. ಬೋಯಿಂಗ್ 737ರಲ್ಲಿ ಸಾಮಾನ್ಯವಾಗಿ ಇದೇ ಜೋಡಿ ಇರುತ್ತದೆ.

ಏರ್‌ಬಸ್ ಹಾಗಲ್ಲ. ಎ320ರಲ್ಲಿ ಸಾಮಾನ್ಯವಾಗಿ ಸಿಗುವುದು ಐದು ಪಿನ್ನಿನ ಎಕ್ಸ್‌ಎಲ್‌ಆರ್. ದುಂಡಗಿನ ಲೋಹದ ತಲೆ, ಒಳಗೆ ಐದು ಪಿನ್, ಕೂರಿಸಿದರೆ ಕ್ಲಿಕ್ ಅಂತ ಲಾಕ್ ಆಗುತ್ತದೆ. ಫ್ಲೈಯಿಂಗ್ ಸ್ಕೂಲಿನ ಹೆಡ್‌ಸೆಟ್ ಇಲ್ಲಿ ಸೀದಾ ಕೆಲಸಕ್ಕೆ ಬರುವುದಿಲ್ಲ. ಎಟಿಆರ್‌ಗೆ ಹೋಗುವವರು ಊಹೆ ಮಾಡಲು ಹೋಗಬೇಡಿ. ಅದೇ ಬೇಸ್‌ನಲ್ಲಿ (ನಿಮ್ಮ ಡ್ಯೂಟಿ ಶುರುವಾಗುವ ಊರಿನಲ್ಲಿ) ಹಾರಿಸುತ್ತಿರುವ ಸೀನಿಯರ್‌ಗೆ ಹೇಳಿ ಸಾಕೆಟ್‌ನ ಫೋಟೋ ತರಿಸಿಕೊಳ್ಳಿ.

ಇನ್ನೆರಡು ಪ್ಲಗ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಜನರನ್ನು ದಾರಿ ತಪ್ಪಿಸುತ್ತವೆ. ಒಂಟಿ ಕಡ್ಡಿಯ ಯು-174 ಹೆಲಿಕಾಪ್ಟರ್‌ನವರದು. ಆರು ಪಿನ್ನಿನ ಲೆಮೊ ಹೆಚ್ಚಾಗಿ ಖಾಸಗಿ ಸಣ್ಣ ವಿಮಾನಗಳಲ್ಲಿ ಕಾಣುತ್ತದೆ. "ಏವಿಯೇಷನ್ ಪ್ಲಗ್ ಸಾರ್, ಎಲ್ಲದಕ್ಕೂ ಆಗುತ್ತೆ" ಅಂತ ಮಾರುವವರು ಹೇಳಿದರೆ ಪ್ಲಗ್‌ನ ಹತ್ತಿರದ ಫೋಟೋ ಕೇಳಿ. ಕಳಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಅಡಾಪ್ಟರ್ ಸಿಗುತ್ತದಲ್ಲ ಅಂತ ಕೇಳುತ್ತೀರಿ. ಸಿಗುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಅದು ಸಡಿಲವಾಗಬಹುದಾದ ಇನ್ನೊಂದು ಜೋಡಣೆ. ಮರೆತು ಬರಬಹುದಾದ ಇನ್ನೊಂದು ಸಾಮಾನು ಕೂಡ. ಕೆಲವು ಕಂಪನಿಗಳು ಒಪ್ಪುವುದೂ ಇಲ್ಲ. ಅದಕ್ಕಿಂತ ಕೇಬಲ್ ಬಿಚ್ಚಿ ಬದಲಾಯಿಸಲು ಬರುವ ಮಾದರಿ ಕೊಳ್ಳಿ. ನಾಳೆ ಏರ್‌ಬಸ್‌ನಿಂದ ಬೋಯಿಂಗ್‌ಗೆ ಹೋದರೂ ಕೇಬಲ್ ಒಂದನ್ನೇ ಬದಲಿಸಿದರೆ ಸಾಕು.

ಒಂದು ಸಣ್ಣ ವಿಷಯ. ಹೊಸ ಹೆಡ್‌ಸೆಟ್ ಹಾಕಿದಾಗ ಒಂದೇ ಕಿವಿಯಲ್ಲಿ ಕೇಳಿಸುತ್ತಿದ್ದರೆ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಮೋನೋ–ಸ್ಟೀರಿಯೋ ಸ್ವಿಚ್ ಹುಡುಕಿ. ವಿಮಾನದ ಆಡಿಯೋ ಮೋನೋ ಆಗಿದ್ದು ಹೆಡ್‌ಸೆಟ್ ಸ್ಟೀರಿಯೋದಲ್ಲಿದ್ದರೆ ಹೀಗೇ ಆಗುತ್ತದೆ.

ಹಂತ 3: ಕಂಪನಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ

ಕಂಪನಿಯ ಆಪರೇಷನ್ಸ್ ಮ್ಯಾನ್ಯುಯಲ್‌ನಲ್ಲಿ ಸ್ವಂತ ಹೆಡ್‌ಸೆಟ್ ಬಗ್ಗೆ ಏನು ಬರೆದಿದೆ ನೋಡಿ. ಕೆಲವರು ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಕೊಟ್ಟಿರುತ್ತಾರೆ. ಇನ್ನು ಕೆಲವರು ಟಿಎಸ್‌ಒ ಸಿ139 (ವಿಮಾನದ ಆಡಿಯೋ ಸಾಧನಗಳಿಗೆ ಅಮೆರಿಕದ ಮಾನದಂಡ) ಮಾನ್ಯತೆ ಇರಬೇಕು ಅಂತಷ್ಟೇ ಹೇಳುತ್ತಾರೆ. ಆ ಗುರುತು ಹೆಡ್‌ಸೆಟ್ ಮೇಲಿನ ಲೇಬಲ್‌ನಲ್ಲಿ ಅಚ್ಚಾಗಿರುತ್ತದೆ. ಬ್ಲೂಟೂತ್ ಇರುವ ಮಾದರಿಯಾದರೆ ಅದರ ಬಗ್ಗೆ ಬೇರೆಯಾಗಿ ಕೇಳಿ. ಉತ್ತರ ಇಮೇಲ್‌ನಲ್ಲಿ ಬರಲಿ. ಕ್ಯಾಂಟೀನ್‌ನಲ್ಲಿ ಸಿಕ್ಕ ಕ್ಯಾಪ್ಟನ್ "ಏನೂ ಆಗಲ್ಲ ತಗೋ" ಅಂದಿದ್ದು ಲೆಕ್ಕಕ್ಕಿಲ್ಲ.

ಹಾಡು ಕೇಳುವ ಮಾಮೂಲಿ ಹೆಡ್‌ಫೋನ್‌ಗೆ ಸಿಕ್ಕಿಸುವ ಬೂಮ್ ಮೈಕ್ (ಬಾಯಿಯ ಬಳಿಗೆ ಚಾಚುವ ಕಡ್ಡಿಯ ಮೈಕ್) ಕಿಟ್‌ಗಳೂ ಮಾರುಕಟ್ಟೆಯಲ್ಲಿವೆ. ಅಗ್ಗ ಅಂತ ಹುಡುಗರು ಇವಕ್ಕೆ ಬೀಳುತ್ತಾರೆ. ಟ್ರಾನ್ಸಿಷನ್ ಲೆವೆಲ್‌ಗಿಂತ (ಎತ್ತರದ ಮಾಪಕದ ಸೆಟ್ಟಿಂಗ್ ಬದಲಿಸುವ ಮಟ್ಟಕ್ಕಿಂತ) ಕೆಳಗೆ ಬೂಮ್ ಮೈಕ್‌ನಲ್ಲೇ ಮಾತಾಡಬೇಕು ಅನ್ನುವುದು ನಿಯಮ. ಅಂದರೆ ಅತಿ ಹೆಚ್ಚು ಕೆಲಸ ಇರುವ ಹೊತ್ತಿನಲ್ಲಿ ನಿಮ್ಮ ಮೈಕ್ ಕೈಕೊಡಬಾರದು. ಬರಹದಲ್ಲಿ ಒಪ್ಪಿಗೆ ಇಲ್ಲದಿದ್ದರೆ ಆ ಕಿಟ್ ಮುಟ್ಟಬೇಡಿ.

ಹಂತ 4: ವಿಮಾನದ ಸದ್ದಿಗೆ ತಕ್ಕ ಹೆಡ್‌ಸೆಟ್ ಆರಿಸಿ

ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಎ320ಗೆ ಹಗುರವಾದದ್ದು, ಎಟಿಆರ್‌ಗೆ ಕಿವಿ ಪೂರ್ತಿ ಮುಚ್ಚುವಂಥದ್ದು. 737 ಇವೆರಡರ ನಡುವೆ ಬರುತ್ತದೆ. ಅದರ ಕಾಕ್‌ಪಿಟ್‌ನಲ್ಲಿ ಗಾಳಿಯ ಸದ್ದು ಜಾಸ್ತಿ, ಹಾಗಾಗಿ ಅಲ್ಲಿ ಸದ್ದು ಅಡಗಿಸುವ ತಂತ್ರ ಇರುವುದನ್ನೇ ನೋಡಿ.

ತೂಕದ ಅಂತರ ಕೇಳಿ. ಬೋಸ್ ಎ20 ಸುಮಾರು 340 ಗ್ರಾಂ. ಜೆಟ್‌ಗಳಿಗೆಂದೇ ಬಂದ ಬೋಸ್ ಪ್ರೊಫ್ಲೈಟ್ ಸೀರೀಸ್ 2 ಸುಮಾರು 128 ಗ್ರಾಂ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡರೆ ಇದು ಗೊತ್ತಾಗುವುದಿಲ್ಲ. ದಿನಕ್ಕೆ ನಾಲ್ಕು ಸೆಕ್ಟರ್ (ಹಾರಾಟ) ಮಾಡಿದ ಮೇಲೆ ಕತ್ತಿಗೆ ಗೊತ್ತಾಗುತ್ತದೆ. ಎ20ಯ ನಂತರ 2023ರಲ್ಲಿ ಎ30 ಬಂತು. ತಲೆಯನ್ನು ಒತ್ತುವ ಬಿಗಿ ಅದರಲ್ಲಿ ಕಡಿಮೆ. ಆದರೂ ಅದು ದೊಡ್ಡ ಕಪ್‌ನ ಹೆಡ್‌ಸೆಟ್ಟೇ. ಡೇವಿಡ್ ಕ್ಲಾರ್ಕ್‌ನಲ್ಲಿ ಜೆಟ್‌ಗೆ ನೋಡಬೇಕಾದದ್ದು ಪ್ರೊ-ಎಕ್ಸ್2. ಟ್ರೈನಿಂಗ್‌ನಲ್ಲಿ ಎಲ್ಲರೂ ಹಾಕಿದ ಆ ಹಸಿರು ಬಣ್ಣದ್ದು ಗಟ್ಟಿಮುಟ್ಟಾದದ್ದು, ನಿಜ. ಆದರೆ ದೆಹಲಿ ಹೋಗಿ ಬರುವಷ್ಟರಲ್ಲಿ ತಲೆ ಹಿಂಡಿಬಿಡುತ್ತದೆ. ಕಿವಿಯೊಳಗೆ ತೂರಿಸುವ ಕ್ಲಾರಿಟಿ ಅಲೋಫ್ಟ್ ತರಹದ್ದೂ ಇದೆ. ಕನ್ನಡಕ ಹಾಕುವವರಿಗೆ ಅನುಕೂಲ. ಆದರೆ ಕಿವಿಯ ಸೋಂಕು ಪದೇ ಪದೇ ಆಗುವವರು ಅದರ ತಂಟೆಗೆ ಹೋಗಬೇಡಿ.

ಸದ್ದು ಅಡಗಿಸುವ ತಂತ್ರದ ಬಗ್ಗೆ ಒಂದು ಎಚ್ಚರಿಕೆ. ಅದು ಒಂದೇ ಸಮ ಗುಂಯ್‌ಗುಟ್ಟುವ ಕೆಳದನಿಯನ್ನು ಚೆನ್ನಾಗಿ ಅಳಿಸುತ್ತದೆ. ಅದರ ಜೊತೆಗೆ ನಿಮಗೆ ಕೇಳಬೇಕಾದ ಸದ್ದೂ ಮಸುಕಾಗಬಹುದು. ಇಂಥ ಹೆಡ್‌ಸೆಟ್ ಹಾಕಿದಾಗ ಎಚ್ಚರಿಕೆಯ ಸದ್ದುಗಳು ಕೇಳಿಸುತ್ತವೆಯೇ ಅಂತ ಪರೀಕ್ಷಿಸಿಕೊಳ್ಳಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2007ರಲ್ಲೇ ವಿಮಾನ ಸಂಸ್ಥೆಗಳಿಗೆ ತಿಳಿಸಿತ್ತು. ಸಿಮ್ಯುಲೇಟರ್‌ನಲ್ಲಿ ಇನ್‌ಸ್ಟ್ರಕ್ಟರ್‌ಗೆ ಹೇಳಿ ಫೈರ್ ಬೆಲ್, ಸ್ಟಾಲ್ ವಾರ್ನಿಂಗ್, ಆಟೋಪೈಲಟ್ ಬಿಟ್ಟುಕೊಂಡಾಗಿನ ಸದ್ದು ಎಲ್ಲವನ್ನೂ ಒಮ್ಮೆ ಹೆಡ್‌ಸೆಟ್ ಹಾಕಿಕೊಂಡೇ ಕೇಳಿ.

ಹಂತ 5: ಕೊಳ್ಳುವ ಮುಂಚೆ ಸಿಮ್ಯುಲೇಟರ್‌ನಲ್ಲಿ ಹಾಕಿ ನೋಡಿ

ಸೀನಿಯರ್ ಒಬ್ಬರ ಹೆಡ್‌ಸೆಟ್ ಎರಡು ಗಂಟೆಗೆ ಕೇಳಿ ಪಡೆಯಿರಿ. ಫೋಮ್ ಮಾತ್ರ ನಿಮ್ಮದೇ ಹಾಕಿ. ಬೇರೆಯವರ ಎಂಜಲು ಯಾಕೆ ಬೇಕು?

ಮೊದಲು ನೋಡಬೇಕಾದದ್ದು ಆಕ್ಸಿಜನ್ ಮಾಸ್ಕ್. ಕಾಕ್‌ಪಿಟ್‌ನ ಮಾಸ್ಕ್ ಅನ್ನು ಒಂದೇ ಕೈಯಲ್ಲಿ, 5 ಸೆಕೆಂಡಿನೊಳಗೆ ಹಾಕಿಕೊಳ್ಳಲು ಆಗಬೇಕು. ಹೆಡ್‌ಸೆಟ್ ತೆಗೆಯುವುದು, ಮಾಸ್ಕ್ ಹಾಕುವುದು, ಕ್ಯಾಪ್ಟನ್ ಜೊತೆ ಮತ್ತೆ ಮಾತು ಸಿಗುವುದು, ಈ ಸರಣಿಯನ್ನು ನಿಮ್ಮ ಕಂಪನಿಯ ವಿಧಾನದಂತೆ ಮಾಡಿ ನೋಡಿ. ಬೂಮ್ ಮೈಕ್ ಮಾಸ್ಕ್‌ನ ಪಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ? ಕೇಬಲ್ ಕುತ್ತಿಗೆಗೆ ಸುತ್ತಿಕೊಳ್ಳುತ್ತಿದೆಯೇ? ಹಾಗಾದರೆ ಎಷ್ಟೇ ಆರಾಮವಾಗಿರಲಿ, ಆ ಹೆಡ್‌ಸೆಟ್ ಬೇಡ.

ಎರಡನೆಯದು ಕನ್ನಡಕ. ದಪ್ಪ ಕಡ್ಡಿಯ ಕನ್ನಡಕ ಇಯರ್ ಕುಶನ್‌ನಡಿ ಸಂದು ಮಾಡುತ್ತದೆ. ಸಂದಿನಿಂದ ಸದ್ದು ನುಗ್ಗುತ್ತದೆ, ಕಿವಿಯ ಮೇಲೆ ನೋವೂ ಆಗುತ್ತದೆ. ತಂಪು ಕನ್ನಡಕ ಹಾಕಿಕೊಂಡೂ ಪರೀಕ್ಷಿಸಿ. ಬೆಳಗಿನ ಹೊತ್ತು ಪೂರ್ವಕ್ಕೆ ಹಾರುವಾಗ ಅದು ಮುಖದ ಮೇಲೇ ಇರುತ್ತದೆ.

ಕೇಬಲ್ ಯಾವ ಬದಿಗೆ ಬೀಳುತ್ತದೆ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ನೀವು ಬಲಗಡೆ ಸೀಟಿನವರು. ಕೇಬಲ್ ಕಿಟಕಿಯ ಬದಿಗೆ ಇಳಿದರೆ ಒಳ್ಳೆಯದು. ಎಡಗಡೆಗೆ ಇಳಿದರೆ ಎದೆಯ ಮೇಲೆ ಅಡ್ಡ ಹಾಯುತ್ತದೆ, ಊಟದ ಟ್ರೇಗೂ ತಗುಲುತ್ತದೆ. ಮೈಕ್ ಮತ್ತು ಕೇಬಲ್ ಬದಿ ಬದಲಾಯಿಸಲು ಬರುವ ಮಾದರಿ ಇದಕ್ಕೇ ಬೇಕು. ಮುಂದೆ ಕ್ಯಾಪ್ಟನ್ ಆದಾಗಲೂ ಅದೇ ನಡೆಯುತ್ತದೆ.

ಮೈಕ್ ತುಟಿಯ ಅಂಚಿಗೆ ಹತ್ತಿರ, ಹೆಚ್ಚುಕಡಿಮೆ ತಾಗುವಷ್ಟು ಸಮೀಪ ಇರಲಿ. ಬಾಯಿಯ ನೇರ ಎದುರು ಬೇಡ, ಉಸಿರಿನ ಸದ್ದು ಹೋಗುತ್ತದೆ. ಗಲ್ಲದ ಕೆಳಗೆ ಇಳಿಬಿಟ್ಟು ಜೋರಾಗಿ ಮಾತಾಡುವುದು ಹೊಸಬರ ಮಾಮೂಲಿ ಚಾಳಿ. ಎಟಿಸಿಯವರು (ವಿಮಾನ ಸಂಚಾರ ನಿಯಂತ್ರಕರು) "ಸೇ ಅಗೇನ್" ಅಂದಾಗಲೆಲ್ಲ ಈ ಹೊಸಬರು ದನಿ ಏರಿಸುತ್ತಾರೆಯೇ ಹೊರತು ಮೈಕ್ ಸರಿಸುವುದಿಲ್ಲ.

ಹಂತ 6: ಎಲ್ಲಿಂದ ಕೊಳ್ಳಬೇಕು

ಒಳ್ಳೆಯ ಹೆಡ್‌ಸೆಟ್‌ಗಳ ಬೆಲೆ ಅಮೆರಿಕದಲ್ಲಿ ಸಾವಿರ ಡಾಲರ್ ಆಸುಪಾಸು. ಇಲ್ಲಿಗೆ ತರಿಸಿದರೆ ಸುಂಕ, ತೆರಿಗೆ ಸೇರಿ ಇನ್ನೂ ಏರುತ್ತದೆ. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಬರುವಾಗ ತರಿಸಿಕೊಳ್ಳುವ ಆಸೆ ಎಲ್ಲರಿಗೂ ಇದ್ದದ್ದೇ. ತರಿಸಿ, ಆದರೆ ಎರಡು ವಿಷಯ ಮೊದಲೇ ನೋಡಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ? ಬಿಲ್ ಜೊತೆಗೆ ಬರುತ್ತದೆಯೇ? ಕಸ್ಟಮ್ಸ್‌ನಲ್ಲಿ ಕೇಳಿದರೆ ತೋರಿಸಲು ಬಿಲ್ ಬೇಕು, ರಿಪೇರಿಗೆ ಕಳಿಸಲೂ ಬಿಲ್ ಬೇಕು.

ದುಡ್ಡು ಬಿಗಿ ಇದ್ದರೆ ಮೊದಲ ಆರು ತಿಂಗಳು ಕಂಪನಿಯ ಹೆಡ್‌ಸೆಟ್ಟೇ ಸಾಕು. ನಿಮ್ಮದೇ ಮೈಕ್ ಫೋಮ್, ಇಯರ್ ಕವರ್, ಒರೆಸಲು ವೈಪ್ಸ್ ಇಟ್ಟುಕೊಳ್ಳಿ. ಖರ್ಚು ಕೆಲವು ನೂರು ರೂಪಾಯಿ, ಅಷ್ಟೇ.

ಹಂತ 7: ಬ್ಯಾಗ್‌ಗೆ ಮೊದಲು ರೋಸ್ಟರ್ ಓದಿ

ಬೇಸ್‌ನಲ್ಲಿರುವ ಯಾರದಾದರೂ ಒಂದು ತಿಂಗಳ ರೋಸ್ಟರ್ (ಡ್ಯೂಟಿ ಪಟ್ಟಿ) ನೋಡಿ. ಎಷ್ಟು ರಾತ್ರಿ ಹೊರಗೆ? ಒಂದೊಂದೇ ರಾತ್ರಿಯೋ, ಒಟ್ಟಿಗೆ ಮೂರು ನಾಲ್ಕೋ? ಎಟಿಆರ್‌ನವರು ಎಷ್ಟೋ ದಿನ ಸಂಜೆಗೆ ಮನೆ ಸೇರುತ್ತಾರೆ. ಅವರಿಗೆ ದೊಡ್ಡ ಟ್ರಾಲಿ ಸುಮ್ನೆ ಭಾರ.

ಹಾಗಂತ ಒಂದು ಜೊತೆ ಬಟ್ಟೆ ಇಲ್ಲದೆ ಹೊರಡಬೇಡಿ. ಡಿಸೆಂಬರ್–ಜನವರಿಯಲ್ಲಿ ದೆಹಲಿ ಮಂಜು ಕವಿದರೆ ವಿಮಾನ ಜೈಪುರಕ್ಕೋ ಅಹಮದಾಬಾದಿಗೋ ಹೋಗುತ್ತದೆ, ನಿಮ್ಮ ಡ್ಯೂಟಿ ಅವಧಿ ಅಲ್ಲೇ ಮುಗಿಯುತ್ತದೆ. ಒಂದು ಬಿಳಿ ಶರ್ಟ್, ಒಳಬಟ್ಟೆ, ಚಾರ್ಜರ್ ಯಾವಾಗಲೂ ಒಳಗಿರಲಿ.

ಅಳತೆ ವಿಷಯ. ಇಂಡಿಗೋ ಪ್ರಯಾಣಿಕರ ಕೈಬ್ಯಾಗ್‌ಗೆ 55×35×25 ಸೆಂಟಿಮೀಟರ್, 7 ಕೆಜಿ ಅಂತ ಮಿತಿ ಇಟ್ಟಿದೆ. ಸಿಬ್ಬಂದಿಗೆ ಕಂಪನಿಯದ್ದೇ ನಿಯಮ ಇರುತ್ತದೆ, ನಿಜ. ಆದರೆ ಡ್ಯೂಟಿ ಮೇಲೆ ಬೇರೆ ಕಂಪನಿಯ ವಿಮಾನದಲ್ಲಿ ಪ್ರಯಾಣಿಕರಾಗಿ ಕೂರುವ ದಿನವೂ ಬರುತ್ತದೆ. ಆಗ ನೀವೂ ಎಲ್ಲರಂತೆಯೇ. ಈ ಅಳತೆಯೊಳಗಿನ ಬ್ಯಾಗ್ ಕೊಂಡರೆ ತಲೆನೋವಿಲ್ಲ.

ಹಂತ 8: ಚಕ್ರ, ಹಿಡಿ, ಜಿಪ್

ನಾಲ್ಕು ಚಕ್ರದ್ದು ಶೋರೂಮಿನ ಟೈಲ್ಸ್ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ. ಏರೋಬ್ರಿಡ್ಜ್‌ನ ಇಳಿಜಾರಿನಲ್ಲಿ ನೀವು ಬಿಟ್ಟರೆ ತಾನೇ ಹೊರಟುಬಿಡುತ್ತದೆ. ವಿಮಾನ ನಿಲ್ಲಿಸುವ ಏಪ್ರನ್‌ನ ಒರಟು ಕಾಂಕ್ರೀಟಿನ ಮೇಲೆ, ಹೋಟೆಲ್ ಮುಂದಿನ ಜಲ್ಲಿಯ ಮೇಲೆ, ಬೆಂಗಳೂರಿನ ಫುಟ್‌ಪಾತ್ ಮೇಲಂತೂ ಕೇಳಲೇಬೇಡಿ, ಸಣ್ಣ ತಿರುಗು ಚಕ್ರಗಳು ಬೇಗ ಕೈಕೊಡುತ್ತವೆ. ಎರಡು ಚಕ್ರದ್ದು ತಗೊಳ್ಳಿ. ಚಕ್ರಗಳು ಅರ್ಧ ಚೌಕಟ್ಟಿನೊಳಗೆ ಕೂತಿರಬೇಕು. ರಿವೆಟ್ ಹೊಡೆದು ಕೂರಿಸಿದ್ದು ಬೇಡ, ಸ್ಕ್ರೂ ಬಿಚ್ಚಿ ಬದಲಾಯಿಸುವಂತಿರಬೇಕು.

ಅಂಗಡಿಗೆ ಹೋದಾಗ ಬ್ಯಾಗ್‌ನೊಳಗೆ ಹತ್ತು ಕೆಜಿ ಏನಾದರೂ ತುಂಬಿ. ಹಿಡಿಯನ್ನು ಪೂರ್ತಿ ಎಳೆದು ಎಡಬಲ ಅಲ್ಲಾಡಿಸಿ. ಖಾಲಿ ಬ್ಯಾಗ್‌ನಲ್ಲಿ ಯಾವ ಹಿಡಿಯೂ ಗಟ್ಟಿಯೇ. ಆಮೇಲೆ ಒಂದೇ ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿ. ಎಟಿಆರ್‌ಗೆ ಏರೋಬ್ರಿಡ್ಜ್ ಇರುವುದಿಲ್ಲ. ಮುಂಬೈ ಮಳೆಯಲ್ಲಿ ಒದ್ದೆ ಮೆಟ್ಟಿಲು ಹತ್ತುವಾಗ ಇನ್ನೊಂದು ಕೈ ಕಂಬಿ ಹಿಡಿದಿರಬೇಕು.

ಗಟ್ಟಿ ಚಿಪ್ಪಿನದೋ, ಬಟ್ಟೆಯದೋ? ನನ್ನ ವೋಟು ಬಟ್ಟೆಗೆ. ಹೊರಗೆ ಜೇಬು ಇರುತ್ತದೆ, ಮುಚ್ಚಳ ಒಂದೇ ಕಡೆ ತೆರೆಯುತ್ತದೆ. ಚಿಪ್ಪಿನದು ಎರಡು ಹೋಳಾಗಿ ತೆರೆದುಕೊಂಡು ಹೋಟೆಲ್ ರೂಮಿನ ನೆಲವನ್ನೆಲ್ಲ ಆಕ್ರಮಿಸುತ್ತದೆ. ಬಣ್ಣ ಕಪ್ಪು, ಸ್ಟಿಕ್ಕರ್ ಇಲ್ಲ. ಹೆಚ್ಚಿನ ಕಂಪನಿಗಳ ಯೂನಿಫಾರ್ಮ್ ನಿಯಮ ಅದನ್ನೇ ಕೇಳುತ್ತದೆ.

ಅಮೆರಿಕದ ಪೈಲಟ್‌ಗಳು ಎಳೆಯುವ ಲಗೇಜ್‌ವರ್ಕ್ಸ್ ಸ್ಟೆಲ್ತ್, ಟ್ರಾವೆಲ್‌ಪ್ರೊ ಫ್ಲೈಟ್‌ಕ್ರೂ ಚೆನ್ನಾಗಿವೆ. ಮುಂದೆ ಎರಡನೇ ಬ್ಯಾಗ್ ನೇತುಹಾಕಲು ಕೊಕ್ಕೆ ಇರುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಮೊದಲ ವರ್ಷವೇ ಅದನ್ನು ತರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಇಲ್ಲಿ ಸಿಗುವ ವಿಐಪಿ, ಸಫಾರಿ, ಸ್ಯಾಮ್ಸನೈಟ್‌ಗಳಲ್ಲೇ ಎರಡು ಚಕ್ರದ ಬಟ್ಟೆ ಬ್ಯಾಗ್ ಹುಡುಕಿ. ನಿಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ ಕೇಳಿ. ವಾರಂಟಿ ಕಾರ್ಡಿನ ಸಣ್ಣ ಅಕ್ಷರವನ್ನೂ ಓದಿ. ಬಳಸಿ ಸವೆದದ್ದಕ್ಕೆ ವಾರಂಟಿ ಇಲ್ಲ ಅಂತ ಬರೆದಿದ್ದರೆ, ದಿನಾ ಎಳೆಯುವ ನಿಮಗೆ ಅದು ಇದ್ದೂ ಇಲ್ಲದಂತೆ.

ಹಂತ 9: ಕಾಕ್‌ಪಿಟ್ ಬ್ಯಾಗ್ ಬೇರೆಯೇ ಇರಲಿ

ಟ್ರಾಲಿ ಹಿಂದೆ ಉಳಿಯುತ್ತದೆ. ನಿಮ್ಮ ಪಕ್ಕಕ್ಕೆ ಬರುವುದು ಇನ್ನೊಂದು ಸಣ್ಣ ಬ್ಯಾಗ್. ಎ320ರಲ್ಲಿ ಅದು ಸೀಟು ಮತ್ತು ಗೋಡೆಯ ನಡುವಿನ ಜಾಗದಲ್ಲಿ ಕೂರಬೇಕು. ಅಗಲ ಕಡಿಮೆ ಇರಲಿ, ತಾನಾಗಿ ನೆಟ್ಟಗೆ ನಿಲ್ಲಲಿ, ಬಾಯಿ ಮೇಲ್ಗಡೆ ತೆರೆಯಲಿ. ಕಾಲೇಜ್ ಬ್ಯಾಕ್‌ಪ್ಯಾಕ್ ಇಲ್ಲಿ ಸೋಲುತ್ತದೆ. ಅದು ಮಲಗಿಬಿಡುತ್ತದೆ, ಪಟ್ಟಿಗಳು ಸೀಟಿನ ಹಳಿಗೆ ಸಿಕ್ಕಿಕೊಳ್ಳುತ್ತವೆ.

ಒಳಗೆ ಇರಬೇಕಾದ್ದು: ಲೈಸೆನ್ಸ್, ಮೆಡಿಕಲ್, ರೇಡಿಯೋ ಲೈಸೆನ್ಸ್, ಏರ್‌ಪೋರ್ಟ್ ಎಂಟ್ರಿ ಪಾಸ್, ಐಪ್ಯಾಡ್ ಮತ್ತು ಕೇಬಲ್, ಟಾರ್ಚ್, ಹೊಳೆಯುವ ಜಾಕೆಟ್, ಪೆನ್ನು. ಮೆಡಿಕಲ್‌ನಲ್ಲಿ ಕನ್ನಡಕದ ಷರತ್ತು ಇರುವವರು ಇನ್ನೊಂದು ಜೊತೆ ಕನ್ನಡಕ ಇಟ್ಟುಕೊಳ್ಳಲೇಬೇಕು. ಇಯರ್‌ಪ್ಲಗ್ ಮರೆಯಬೇಡಿ. ವಿಮಾನದ ಸುತ್ತ ನಡೆದು ನೋಡುವಾಗ ಎಪಿಯು (ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್) ಸದ್ದು ಕಿವಿಗೆ ಮಾಡುವ ಹಾನಿಯನ್ನು ಯಾವ ಹೆಡ್‌ಸೆಟ್ಟೂ ಸರಿಮಾಡುವುದಿಲ್ಲ.

ನೀರಿನ ಬಾಟಲಿ ತಿರುಗಿಸಿ ಮುಚ್ಚುವಂಥದ್ದಾಗಿರಲಿ, ಕಿಟಕಿಯ ಬದಿಗೇ ಇರಲಿ. ಎ350ರಲ್ಲಿ ಪೈಲಟ್‌ಗಳಿಬ್ಬರ ನಡುವಿನ ಪೆಡೆಸ್ಟಲ್ (ಎಂಜಿನ್ ನಿಯಂತ್ರಣಗಳಿರುವ ಕಟ್ಟೆ) ಮೇಲೆ ಪಾನೀಯ ಚೆಲ್ಲಿ ಹಾರಾಟದಲ್ಲೇ ಎಂಜಿನ್ ನಿಂತ ಘಟನೆಗಳಾಗಿ, 2020ರಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ತುರ್ತು ಆದೇಶವನ್ನೇ ಹೊರಡಿಸಬೇಕಾಯಿತು.

ಹಂತ 10: ಬ್ಯಾಗ್‌ನೊಳಗೆ ಬರಬಾರದ್ದು

ಮೌತ್‌ವಾಶ್. ಇದನ್ನು ಮೊದಲು ಹೇಳಲು ಕಾರಣವಿದೆ. ನಮ್ಮಲ್ಲಿ ಹಾರುವ ಮುಂಚೆ ಬ್ರೆತ್ ಅನಲೈಸರ್ ಪರೀಕ್ಷೆ ಇದೆ. ಆಲ್ಕೋಹಾಲ್ ಇರುವ ಮೌತ್‌ವಾಶ್, ಟೂತ್ ಜೆಲ್ ಬಳಸಬಾರದು ಅಂತ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ 2023ರಲ್ಲಿ ನಿಯಮದಲ್ಲೇ ಬರೆದಿದೆ. ಹೋಟೆಲ್ ಬಾತ್‌ರೂಮಿನಲ್ಲಿ ಇಟ್ಟಿರುವ ಸಣ್ಣ ಬಾಟಲಿಯನ್ನೂ ಮುಟ್ಟಬೇಡಿ. ಕೆಮ್ಮಿನ ಸಿರಪ್ ಆದರೆ ಕಂಪನಿಯ ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಲಿ. 20,000 ಎಂಎಎಚ್‌ನದು ಸುಮಾರು 74, ಹಾಗಾಗಿ ತೊಂದರೆ ಇಲ್ಲ. ಅದು ಯಾವಾಗಲೂ ಕೈಬ್ಯಾಗ್‌ನಲ್ಲೇ. ಬ್ಯಾಟರಿ ಹೊರತೆಗೆಯಲು ಬಾರದ ಸ್ಮಾರ್ಟ್ ಟ್ರಾಲಿ ಕೊಳ್ಳಲೇಬೇಡಿ. ಚಾಕು ಇರುವ ಮಲ್ಟಿಟೂಲ್ ಸಿಐಎಸ್‌ಎಫ್‌ನವರ ಬುಟ್ಟಿಗೆ ಹೋಗುತ್ತದೆ, ಯೂನಿಫಾರ್ಮ್ ನೋಡಿ ಯಾರೂ ಬಿಡುವುದಿಲ್ಲ. ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲಿಗೂ ಅದೇ ಗತಿ.

ಇನ್ನೊಂದು, ಗಂಭೀರವಾದದ್ದು. "ನೀವು ಹೆಂಗೂ ಹೋಗ್ತಿದ್ದೀರಲ್ಲ, ಈ ಪಾರ್ಸೆಲ್ ಕೊಟ್ಟುಬಿಡಿ" ಅನ್ನುವ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಹುಟ್ಟಿಕೊಳ್ಳುತ್ತಾರೆ. ಒಳಗೆ ಏನಿದೆಯೆಂದು ನೀವೇ ನೋಡಿ ತುಂಬದ ಯಾವುದೂ ನಿಮ್ಮ ಬ್ಯಾಗ್‌ಗೆ ಬರಬಾರದು. ದುಬೈ, ದೋಹಾ ಕಡೆ ಹಾರುವವರು ಇದರಲ್ಲಿ ಮುಲಾಜೇ ಇಟ್ಟುಕೊಳ್ಳಬೇಡಿ.

ಹಂತ 11: ಬದಲಾಯಿಸುವ ಹೊತ್ತು ಬಂತೆಂದು ತಿಳಿಯುವುದು ಹೇಗೆ

ಕೇಬಲ್ ಬಗ್ಗಿಸಿದಾಗ ಕರಕರ ಸದ್ದು ಬಂದರೆ ಪ್ಲಗ್‌ನ ಬುಡದಲ್ಲಿ ತಂತಿ ಹೋಗುತ್ತಿದೆ ಅಂತ. ತಲೆಪಟ್ಟಿಗೆ ಕೇಬಲ್ ಬಿಗಿಯಾಗಿ ಸುತ್ತಿಡುವವರಿಗೆ ಇದು ಬೇಗ ಬರುತ್ತದೆ. ಸಡಿಲವಾಗಿ ದೊಡ್ಡ ಸುತ್ತು ಹಾಕಿ ಗಟ್ಟಿ ಪೆಟ್ಟಿಗೆಯಲ್ಲಿಡಿ. ನಿಮ್ಮ ದನಿ ನಿಮಗೇ ಕೇಳಿಸದಿದ್ದರೆ ಮೊದಲು ಪ್ಲಗ್ ಒತ್ತಿ ನೋಡಿ, ಆಮೇಲೆ ಆಡಿಯೋ ಪ್ಯಾನೆಲ್. ಅದೂ ಸರಿಯಿದ್ದರೆ ಕಂಪನಿಯ ಹೆಡ್‌ಸೆಟ್ ಹಾಕಿಕೊಳ್ಳಿ. ಸ್ವಂತದ್ದನ್ನು ರಿಪೇರಿ ಮಾಡುವ ಜಾಗ ಕಾಕ್‌ಪಿಟ್ ಅಲ್ಲ. ಬ್ಯಾಟರಿಯ ಮಾದರಿಯಾದರೆ ಒಂದು ಜೊತೆ ಎಎ ಸೆಲ್ ಬ್ಯಾಗ್‌ನಲ್ಲಿರಲಿ.

ಇಯರ್ ಕುಶನ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಸದ್ದು ಒಳಗೆ ಬರುತ್ತದೆ, ನಿಮಗರಿವಿಲ್ಲದೆ ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ. ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಕುಶನ್ ಬದಲಾಯಿಸಿ, ವಾಲ್ಯೂಮ್ ಇಳಿಸಿ. ಆಮೇಲೂ ನಿಲ್ಲದಿದ್ದರೆ ಮುಂದಿನ ಮೆಡಿಕಲ್‌ವರೆಗೆ ಕಾಯದೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಟ್ರಾಲಿಯ ಚಕ್ರ ಅಲುಗಾಡತೊಡಗಿದರೆ ಆ ವಾರವೇ ಬದಲಿಸಿ. ಹಿಡಿ ಎರಡು ಸಲ ಒತ್ತಿದ ಮೇಲೆ ಇಳಿಯುತ್ತಿದ್ದರೆ ಒಳಗೆ ಧೂಳು ಸೇರಿದೆ. ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ತೆಂಗಿನೆಣ್ಣೆ ಬೇಡ, ಅದು ಧೂಳನ್ನು ಇನ್ನೂ ಹಿಡಿಯುತ್ತದೆ, ಯೂನಿಫಾರ್ಮ್ ತೋಳಿಗೂ ಕಲೆ ಮಾಡುತ್ತದೆ.